ಸಾವಿರದ ಒಂಬತ್ತನೆಯವನು

ಮಂದಿ ತಮ್ಮ ತಾಪತ್ರಯಗಳನ್ನು ಹೇಳಿಕೊಳ್ಳುವಾಗ ‘ಒಂದಾ ಎರಡಾ, ಸಾವಿರದೆಂಟು’ ಎನ್ನುತ್ತಾರೆ. ಆಯ್ತಪ್ಪನ ಮಟ್ಟಿಗೆ ಇದು ಶುದ್ಧ ಸುಳ್ಳು. ಸಾವಿರದೆಂಟು ಇರುವ ತನಕ ಅವನು ಸುಖವಾಗಿಯೇ ಇದ್ದ. ಅದರ ಮೇಲೆ ಒಂದು ಬಂದು ಕೂತಿತು ನೋಡಿ, ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಆಯ್ತಪ್ಪ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಾಚಣಿಗೆ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದ ಅವನು, ಮೇಲಿನವರು ಏನು ಹೇಳಲು ಬಾಯಿ ತೆರೆದರೂ ಮಾತು ಮುಗಿಯುವ ಮೊದಲೇ “ಆಯ್ತು ಸಾರ್” ಎಂದುಬಿಡುತ್ತಿದ್ದ. ಏನು ಆಯ್ತು, ಯಾರಿಂದ ಆಗಬೇಕು ಎಂಬ ವಿಚಾರವೆಲ್ಲ ಆಮೇಲೆ, ಕುರ್ಚಿಗೆ ವಾಪಸು ಬಂದು ನೀರು ಕುಡಿದ ನಂತರ. ಹೀಗಾಗಿ ಹಲ್ಲು ಕೊಯ್ಯುವ ವಿಭಾಗದ ಯಾರೋ ಪುಣ್ಯಾತ್ಮರು ಇಟ್ಟ ಹೆಸರೇ ಕಾಯಂ ಆಯಿತು. ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರಿನಿಂದ ಕರೆಯುತ್ತಿದ್ದಳು, ಅಂದರೆ ದಿನವೂ ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಮ್ಯಾನೇಜರು ಅವನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಕಾರ್ಖಾನೆಯ ಬಾಚಣಿಗೆಗಳೆಲ್ಲ ಸಾಲಾಗಿ ಮಲಗಿದ್ದವು. ಮ್ಯಾನೇಜರ ತಲೆ ಮಾತ್ರ ಅವುಗಳಲ್ಲಿ ಒಂದಕ್ಕೂ ಕೆಲಸ ಕೊಡುವಂಥದ್ದಾಗಿರಲಿಲ್ಲ.

“ನೋಡಯ್ಯ, ಕಾರ್ಖಾನೆಗೆ ಐವತ್ತು ವರ್ಷ ತುಂಬ್ತಾ ಇದೆ. ನನ್ನಿಂದ ಹಿಡಿದು ಗೇಟಿನವರ ತನಕ ಒಬ್ಬರೂ ತಪ್ಪದ ಹಾಗೆ ಒಂದು ಫೋಟೋ ತೆಗೆಸ್ಬೇಕು.”

“ಆಯ್ತು ಸಾರ್.”

“ಇನ್ನೂ ಮುಗೀಲಿಲ್ಲ, ತಡ್ಕೋ. ಸಾಲು ಸಾಲಾಗಿ ನಿಲ್ಲಿಸ್ಬೇಕು. ಎಲ್ಲಾ ಸಾಲೂ ಸಮ ಇರ್ಬೇಕು. ನಾವು ಮಾಡೋದು ಬಾಚಣಿಗೆ. ಒಂದು ಹಲ್ಲು ಹೆಚ್ಚುಕಮ್ಮಿ ಆದ್ರೆ ಏನ್ಮಾಡ್ತೀವಿ?”

“ಕರಗಿಸೋಕೆ ಹಾಕ್ತೀವಿ ಸಾರ್.”

“ಹಾಂ. ಅದು ನೆನಪಿರ್ಲಿ.”

ಆಯ್ತಪ್ಪ ಓಡಿ ಹೋಗಿ ಹಾಜರಿ ಪಟ್ಟಿ ಕೂಡಿದ. ಸಾವಿರದೆಂಟು ಬಂತು. ಅಷ್ಟಿಷ್ಟು ಗುಣಿಸಿ ಭಾಗಿಸಿ ನೋಡಿದರೆ, ಏನು ಆಶ್ಚರ್ಯ, ಇಪ್ಪತ್ತೆಂಟು ಸಾಲು, ಸಾಲಿಗೆ ಮೂವತ್ತಾರು ಜನ, ಒಂದು ನರಪಿಳ್ಳೆಯೂ ಮಿಕ್ಕಲಿಲ್ಲ! ಜೀವಮಾನದಲ್ಲಿ ಒಂದು ಲೆಕ್ಕವಾದರೂ ಹೀಗೆ ಬೆಣ್ಣೆಯಂತೆ ಜಾರಿ ಬಂದದ್ದು ಅವನಿಗೆ ನೆನಪಿರಲಿಲ್ಲ. ಎದೆ ಉಬ್ಬಿತು. ಉಗ್ರಾಣದವನು, ಯಂತ್ರಗಳಿಗೆ ಎಣ್ಣೆ ಬಿಡುವವನು, ಕಾಫಿ ತರುವ ಆಳು ಎಲ್ಲರ ಎದುರಿಗೂ ಅವನು ಮ್ಯಾನೇಜರ ಬಾಗಿಲಲ್ಲಿ ನಿಂತು ಸಾರಿದ: “ಲೆಕ್ಕ ನನಗೆ ಬಿಡಿ ಸಾರ್. ಒಂದು ಕೂದಲೆಳೆ ಆಚೀಚೆ ಆದ್ರೆ ಈ ಮೀಸೆ ಬೋಳಿಸ್ಕೋತೀನಿ!”

ಬೋಳಿಸಿದರೂ ಯಾರಿಗೂ ಗೊತ್ತಾಗದಷ್ಟೇ ಇತ್ತು ಆ ಮೀಸೆ. ಆದರೂ ಮಾತು ಮಾತೇ ತಾನೆ?

ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆಯೂ ಇಪ್ಪತ್ತೆಂಟು ಸಾಲಿನ ಪ್ರತಾಪವನ್ನು ಕೊಚ್ಚಿಕೊಂಡ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

“ನಮ್ಮಪ್ಪ ಯಾವ ಸಾಲು?”

ಆಯ್ತಪ್ಪನ ಕೈಯ ತುತ್ತು ಕೈಯಲ್ಲೇ ನಿಂತಿತು. ಅವಳಪ್ಪ, ಅಂದರೆ ಇವನ ಮಾವ, ಅದೇ ಕಾರ್ಖಾನೆಯ ಗೇಟು ಕಾಯುವವರು. ಗೇಟಿನವರ ಹಾಜರಿ ಗೇಟಿನಲ್ಲೇ ಆಗುತ್ತದೆ, ಒಳಗಿನ ಪಟ್ಟಿಗೆ ಬರುವುದಿಲ್ಲ. ಬೆಳಿಗ್ಗೆ ಸಂಜೆ ಆ ಮನುಷ್ಯನಿಗೆ ನಮಸ್ಕಾರ ಹೇಳಿಯೇ ಒಳಗೆ ಹೊರಗೆ ಓಡಾಡುವ ಅಳಿಯ, ಲೆಕ್ಕ ಹಾಕುವಾಗ ಅವರನ್ನೇ ಮರೆತಿದ್ದ.

“ಈ ತಿಂಗಳ ಕೊನೆಗೆ ಅವರ ಕೆಲಸ ಮುಗಿಯುತ್ತೆ,” ಎಂದಳು ಹೆಂಡತಿ. “ಐವತ್ತು ವರ್ಷಕ್ಕೆ ಫೋಟೋ ತೆಗೆಸ್ತಾರೆ ಅಂತ ಹೋದ ತಿಂಗಳೇ ಗಾಳಿಸುದ್ದಿ ಕೇಳಿ ಹೊಸ ಅಂಗಿ ಹೊಲಿಸಿದಾರೆ. ಗುಂಡಿ ಸರಿ ಇದೆಯಾ ಅಂತ ಮೂರು ಸಲ ನನಗೆ ತೋರಿಸಿದಾರೆ. ಊರಿನವರನ್ನೆಲ್ಲ ಎಣಿಸಿದಿರಿ, ಮಾವನ್ನ ಬಿಟ್ರಿ. ಭೇಷ್ ಆಯ್ತಪ್ಪ, ಭೇಷ್!”

“ಅದಕ್ಕೇನಂತೆ, ಒಬ್ಬರು ತಾನೆ? ಸೇರಿಸ್ಕೊಂಡ್ರಾಯ್ತು,” ಎಂದ ಆಯ್ತಪ್ಪ. ಸಾವಿರದೆಂಟರ ಪಕ್ಕದಲ್ಲಿ ಒಂದು ಎಷ್ಟರದು! ಆನೆಯ ಬೆನ್ನ ಮೇಲೆ ನೊಣ ಕೂತಂತೆ.

ಆದರೆ ಆ ನೊಣಕ್ಕೆ ಆನೆ ಕುಸಿದು ಬಿತ್ತು. ಸಾವಿರದ ಒಂಬತ್ತನ್ನು ಇಪ್ಪತ್ತೆಂಟರ ಸಾಲಿಗೆ ಹಾಕಿದರೆ ಒಬ್ಬರು ಮಿಕ್ಕಿದರು. ಕಾಗದದ ಮೇಲೆ ನಂಬಿಕೆ ಹೋಗಿ, ಮಾರನೆಯ ದಿನ ಕಾರ್ಖಾನೆಯಿಂದ ಒಂದು ಚೀಲ ಮುರಿದ ಬಾಚಣಿಗೆ ಹಲ್ಲು ತಂದು, ಸಾವಿರದ ಒಂಬತ್ತನ್ನು ಎಣಿಸಿ ನಡುಮನೆಯ ನೆಲದ ಮೇಲೆ ಜೋಡಿಸಲು ಕೂತ. ಏಳರ ಸಾಲಿಗೆ ಹಾಕಿದ, ಒಂದು ಮಿಕ್ಕಿತು. ಎಂಟರ ಸಾಲಿಗೆ ಹಾಕಿದ, ಒಂದು ಮಿಕ್ಕಿತು. ಒಂಬತ್ತರ ಸಾಲಿಗೆ ಹಾಕಿದ, ಮತ್ತೆ ಒಂದು ಮಿಕ್ಕಿತು. ಆಯ್ತಪ್ಪ ಆ ಒಂದು ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಪ್ರತಿ ಸಲವೂ ಮಿಕ್ಕುತ್ತಿರುವುದು ಇದೇ ಹಲ್ಲಿರಬಹುದೇ? ಅನುಮಾನ ತೀರಲೆಂದು ಅದನ್ನು ಕಿಟಕಿಯಿಂದ ಆಚೆ ಎಸೆದು, ಚೀಲದಿಂದ ಬೇರೊಂದು ತೆಗೆದು ಹನ್ನೊಂದರ ಸಾಲಿಗೆ ಹಾಕಿದ. ಎಂಟು ಮಿಕ್ಕಿದವು.

“ಮರಿ ಹಾಕ್ತಿದೆ ಕಣೇ ಇದು!” ಎಂದು ಕೂಗಿಕೊಂಡ.

ಕೂಗು ಕೇಳಿ ಗೋಡೆಯಾಚೆಯ ಮನೆಯಿಂದ ಲೆಕ್ಕದ ಮೇಷ್ಟ್ರು ಬಂದರು. ಪಾಠ ಹೇಳುವ ಕೆಲಸದಿಂದ ನಿವೃತ್ತರಾಗಿದ್ದರೂ, ಹೇಳುವ ಚಟ ನಿವೃತ್ತವಾಗಿರಲಿಲ್ಲ. ಸಂಖ್ಯೆ ಎಷ್ಟೆಂದು ಕೇಳಿದ್ದೇ ತಡ, ಮುಖ ಅರಳಿತು.

“ಸಾವಿರದ ಒಂಬತ್ತಾ! ಅಯ್ಯೋ ಪುಣ್ಯವಂತ, ಎಂಥ ಸಂಖ್ಯೆ ಹಿಡ್ಕೊಂಡು ಕೂತಿದೀಯಪ್ಪ! ಅವಿಭಾಜ್ಯ! ನಾಲ್ಕಂಕಿಯ ಅವಿಭಾಜ್ಯಗಳಲ್ಲೇ ಎಲ್ಲಕ್ಕಿಂತ ಚಿಕ್ಕದು.”

“ಅಂದ್ರೆ?”

“ಒಂದರಿಂದ ಭಾಗಿಸ್ಬಹುದು, ಇಲ್ಲಾ ತನ್ನಿಂದ ತಾನೇ ಭಾಗಿಸ್ಕೋಬಹುದು. ಇನ್ಯಾರಿಗೂ ಜಗ್ಗಲ್ಲ.”

“ಸ್ವಲ್ಪ ಒತ್ತಾಯ ಮಾಡಿದ್ರೆ?”

“ಯಾರು ಒತ್ತಾಯ ಮಾಡಿದ್ರೂ ಇಲ್ಲ,” ಎಂದು ಮೇಷ್ಟ್ರು ನೆಲದ ಮೇಲೆಯೇ ಕೂತರು. “ಇನ್ನೊಂದು ವಿಶೇಷ ಕೇಳು. ಇದು ಸುಖೀ ಸಂಖ್ಯೆ. ಒಂದೊಂದು ಅಂಕಿಯನ್ನೂ ಅದರಿಂದಲೇ ಗುಣಿಸಿ ಕೂಡ್ತಾ ಹೋಗು. ಒಂದು, ಒಂಬತ್ತೊಂಬತ್ತಲೆ ಎಂಬತ್ತೊಂದು, ಒಟ್ಟು ಎಂಬತ್ತೆರಡು. ಅದನ್ನ ಹಾಗೇ ಮಾಡು, ಅರವತ್ತೆಂಟು. ಮತ್ತೆ ಮಾಡು, ನೂರು. ಮತ್ತೆ ಮಾಡು, ಒಂದು! ಹೀಗೆ ಒಂದಕ್ಕೆ ಬಂದು ನಿಲ್ಲೋದಕ್ಕೆ ಸುಖಿ ಅಂತಾರೆ.”

“ಅದು ಸುಖವಾಗಿದೆ, ಸಂತೋಷ. ನನ್ನ ಗತಿ ಏನು ಮೇಷ್ಟ್ರೇ?”

“ಆದ್ರೆ ಕೊರತೆಯ ಸಂಖ್ಯೇನೂ ಹೌದು. ತನ್ನನ್ನ ಬಿಟ್ಟು ಮಿಕ್ಕ ಭಾಜಕಗಳನ್ನ ಕೂಡಿದ್ರೆ ತನ್ನಷ್ಟಾದ್ರೂ ಬರಬೇಕಿತ್ತು. ಇದಕ್ಕೆ ಬರೋದು ಬರೀ ಒಂದು.”

“ಒಂದು ಹೆಚ್ಚಾಯ್ತು ಅಂತ ನಾನು ಸಾಯ್ತಿದ್ರೆ ನೀವು ಕೊರತೆ ಅಂತೀರಲ್ಲ! ಆ ಹೆಚ್ಚಾದ ಒಬ್ಬ ಯಾರು, ಅಷ್ಟು ಹೇಳಿ ಸಾಕು.”

ಮೇಷ್ಟ್ರು ಅವನನ್ನು ಕರುಣೆಯಿಂದ ನೋಡಿದರು. “ಇಂಥವನೇ ಅಂತ ಇಲ್ಲಪ್ಪ. ಯಾರನ್ನ ತೆಗೆದ್ರೂ ಸಾಲು ಸರಿ ಹೋಗುತ್ತೆ. ಅಂದ ಮೇಲೆ ಯಾರು ಬೇಕಾದ್ರೂ ಆ ಒಬ್ಬನೇ.”

ಇದನ್ನು ಆಯ್ತಪ್ಪ ಹೇಗೆ ಅರ್ಥ ಮಾಡಿಕೊಂಡನೋ ಅವನಿಗೇ ಗೊತ್ತು. ಬೆಳಗಾದದ್ದೇ ಮ್ಯಾನೇಜರ ಮುಂದೆ ನಿಂತು, “ಸಾರ್, ಕಾರ್ಖಾನೇಲಿ ಒಬ್ಬ ಹೆಚ್ಚಾಗಿದಾನೆ. ಆದ್ರೆ ಯಾರು ಅಂತ ಪತ್ತೆ ಆಗ್ತಿಲ್ಲ. ಎಲ್ಲರ ಮೇಲೂ ಅನುಮಾನ ಇದೆ,” ಎಂದು ವರದಿ ಒಪ್ಪಿಸಿದ.

“ಪತ್ತೆ ಮಾಡು,” ಎಂದರು ಮ್ಯಾನೇಜರು.

“ಆಯ್ತು ಸಾರ್.”

ಕಾಫಿ ತಂದ ಆಳು ಇದಿಷ್ಟನ್ನೂ ಕೇಳಿಸಿಕೊಂಡು ಹೊರಗೆ ಹೋದ. ಸುದ್ದಿಗೆ ಕಾಲು ಬಂತು. ಹಲ್ಲು ಕೊಯ್ಯುವ ವಿಭಾಗಕ್ಕೆ ಅದು ತಲುಪಿದಾಗ ಒಬ್ಬನನ್ನು ಕೆಲಸದಿಂದ ತೆಗೆಯುತ್ತಾರಂತೆ ಎಂದಿತ್ತು. ಹೊಳಪು ಕೊಡುವ ವಿಭಾಗದಲ್ಲಿ ಒಂಬತ್ತು ಜನ ಆಗಿದ್ದರು. ಡಬ್ಬಿಗೆ ತುಂಬುವ ವಿಭಾಗ ಮುಟ್ಟುವ ಹೊತ್ತಿಗೆ ನೂರ ಒಂಬತ್ತು, ಅದೂ ಇವತ್ತು ಸಂಜೆಯೊಳಗೆ!

ಆಮೇಲೆ ನೋಡಬೇಕಿತ್ತು ಕಾರ್ಖಾನೆಯ ಚೆಂದವನ್ನು. ಕೈಯಲ್ಲಿ ಹಾಜರಿ ಪಟ್ಟಿ ಹಿಡಿದು ಆಯ್ತಪ್ಪ ಯಾವ ಬಾಗಿಲಲ್ಲಿ ಇಣುಕಿದರೂ ಅಲ್ಲಿ ಜನ ಪ್ರಾಣ ಬಿಟ್ಟು ದುಡಿಯಲು ಶುರು ಮಾಡುತ್ತಿದ್ದರು. ಎಣ್ಣೆ ಬಿಡುವವನು ತಾನೆಷ್ಟು ಅಗತ್ಯ ಎಂದು ತೋರಿಸಲು ಯಂತ್ರಗಳಿಗೆ ಎಣ್ಣೆ ಬಿಟ್ಟು, ಬಾಗಿಲ ಕೀಲುಗಳಿಗೆ ಬಿಟ್ಟು, ಕೊನೆಗೆ ಆಯ್ತಪ್ಪನ ಕುರ್ಚಿಗೂ ಬಿಟ್ಟ. ಆ ಕುರ್ಚಿಯಿಂದ ಆಯ್ತಪ್ಪ ಎರಡು ಸಲ ಜಾರಿ ಬಿದ್ದ. ಹೊಳಪಿನ ವಿಭಾಗದ ಹಿರಿಯಮ್ಮ ಒಬ್ಬಳು ಕೈಯಲ್ಲಿದ್ದ ಬಾಚಣಿಗೆಯನ್ನು ಅವನ ಮೂಗಿಗೆ ಹಿಡಿದು, “ಮುಖ ಕಾಣುತ್ತಾ ನೋಡು! ನನ್ನ ತೆಗೆದ್ರೆ ಈ ಹೊಳಪನ್ನ ನಿಮ್ಮಪ್ಪನ ಮನೆಯಿಂದ ತರ್ತೀಯಾ?” ಎಂದು ಕೇಳಿದಳು.

“ಅಮ್ಮಾ, ಕೆಲಸದಿಂದ ಅಲ್ಲ, ಸಾಲಿನಿಂದ…”

“ಸಾಲಿನಿಂದ ತೆಗೀತೀಯಾ? ಅಂದ್ರೆ ಸಂಬಳದ ಪಟ್ಟಿಯ ಸಾಲಿಗೇ ಕೈ ಹಾಕಿದೆಯಾ!”

ಆಯ್ತಪ್ಪ ಬಾಯಿ ಬಿಟ್ಟಷ್ಟೂ ಹುಣ್ಣು ದೊಡ್ಡದಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ, ವಾರಕ್ಕಾಗುವಷ್ಟು ಬಾಚಣಿಗೆ ತಯಾರಾಗಿ ಡಬ್ಬಿಗಳು ಸಾಲದೆ ಹೋದವು. ಮ್ಯಾನೇಜರು ಅವನನ್ನು ಕರೆದು ಹೆಗಲು ತಟ್ಟಿದರು. “ಅವಸರ ಏನೂ ಇಲ್ಲಯ್ಯ. ಆ ಹೆಚ್ಚಾದವನನ್ನ ಬೇಕಾದ್ರೆ ಒಂದು ವರ್ಷ ಹುಡುಕು.”

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಎಣ್ಣೆ ಬಿಟ್ಟಿದ್ದರಿಂದ ಅದು ಮೊದಲಿಗಿಂತ ಜೋರಾಗಿ ತೆರೆಯುತ್ತಿತ್ತು. ಕಾರ್ಮಿಕ ಸಂಘದ ಮುಖಂಡ ಒಳಗೆ ಬಂದು ಮುಷ್ಟಿ ಎತ್ತಿದ.

“ಒಬ್ಬರ ಮೇಲೆ ಕೈ ಇಟ್ಟು ನೋಡಿ! ಆ ಒಬ್ಬರಿಗಾಗಿ ಮಿಕ್ಕ ಸಾವಿರದೆಂಟು ಜನ ಬೀದಿಗೆ ಇಳೀತೀವಿ!”

ಆಯ್ತಪ್ಪನ ಮುಖ ದೀಪ ಹಚ್ಚಿದಂತಾಯಿತು. “ಇಳೀರಿ ಅಣ್ಣಾ! ಸಾವಿರದೆಂಟು ಜನ ಇಳಿದ್ರೆ ಸರಿಯಾಗಿ ಇಪ್ಪತ್ತೆಂಟು ಸಾಲು ಆಗುತ್ತೆ!”

ಮುಖಂಡನ ಮುಷ್ಟಿ ಗಾಳಿಯಲ್ಲೇ ಉಳಿಯಿತು. ಈ ಮನುಷ್ಯ ತಮ್ಮ ಕಡೆಯವನೋ ಆಡಳಿತದ ಕಡೆಯವನೋ ಅವನಿಗೆ ತಿಳಿಯಲಿಲ್ಲ. ಆಯ್ತಪ್ಪನಿಗೂ ತಿಳಿದಿರಲಿಲ್ಲ, ಆ ಮಾತು ಬೇರೆ. ಕೊನೆಗೆ ವಿಷಯ ಬರೀ ಫೋಟೋ ಎಂದು ಬಿಡಿಸಿ ಹೇಳುವಷ್ಟರಲ್ಲಿ ಮ್ಯಾನೇಜರ ಗಂಟಲು ಒಣಗಿತು.

ಆ ಸಂಜೆ ಮೇಷ್ಟ್ರು ಗೋಡೆಯಾಚೆಯಿಂದಲೇ ಒಂದು ಉಪಾಯ ಕೂಗಿದರು. ಸಾಲಿಗೆ ಜಗ್ಗದ ಈ ಸಂಖ್ಯೆ ಎರಡು ಚೌಕಗಳಿಗೆ ಜಗ್ಗುತ್ತದಂತೆ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟರ ದೊಡ್ಡ ಚೌಕ ಒಂದು, ಹದಿನೈದಕ್ಕೆ ಹದಿನೈದರ ಸಣ್ಣ ಚೌಕ ಇನ್ನೊಂದು, ಎರಡೂ ಕೂಡಿದರೆ ಸಾವಿರದ ಒಂಬತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ! ಆಯ್ತಪ್ಪ ಕುಣಿದಾಡಿಬಿಟ್ಟ. ಮರುದಿನ ಮ್ಯಾನೇಜರ ಕೋಣೆಯಲ್ಲಿ ಹೇಳಿದ್ದೇ ತಡ, ಮುಖಂಡ ಮತ್ತೆ ಎದ್ದ.

“ದೊಡ್ಡ ಚೌಕ ಯಾರಿಗೆ? ಸಣ್ಣ ಚೌಕ ಯಾರಿಗೆ? ನಮ್ಮ ಒಗ್ಗಟ್ಟು ಒಡೆಯೋ ಸಂಚು ಇದು!”

“ಅದಿರ್ಲಿ, ನಾನು ಯಾವ ಚೌಕದಲ್ಲಿ ನಿಲ್ಲಲಿ?” ಎಂದರು ಮ್ಯಾನೇಜರು. “ಮಧ್ಯದ ಖಾಲಿ ಜಾಗದಲ್ಲಾ? ಸಾಕು ನಿಲ್ಸಯ್ಯ ನಿನ್ನ ಚೌಕಾಸಿ. ಈ ಪಟ್ಟಿಗೆ ಕೊನೇಲಿ ಸೇರಿದ್ದು ಯಾರು?”

“ಗೇಟಿನವರು ಸಾರ್.”

“ಹೇಗೂ ತಿಂಗಳ ಕೊನೆಗೆ ಹೋಗೋರು. ಅವರನ್ನ ಬಿಟ್ಬಿಡು, ಲೆಕ್ಕ ಸರಿಹೋಗುತ್ತೆ.”

“ಆಯ್ತು ಸಾರ್.”

ಮಾತು ಬಾಯಿಂದ ಬಿದ್ದ ಮೇಲೆ ಆಯ್ತಪ್ಪನಿಗೆ ಅದು ಕೇಳಿಸಿತು. ವಾಪಸು ತೆಗೆದುಕೊಳ್ಳೋಣ ಎಂದರೆ ಅವರಾಗಲೇ ಬೇರೆ ಕಾಗದಕ್ಕೆ ಸಹಿ ಹಾಕುತ್ತಿದ್ದರು. ನಾಲಿಗೆಗೆ ಎಲುಬಿಲ್ಲ ನಿಜ. ಆದರೆ ಇವನ ನಾಲಿಗೆಗೆ ನಾಚಿಕೆಯೂ ಇರಲಿಲ್ಲ.

ಸಂಜೆ ಗೇಟಿನ ಬಳಿ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಮಾವ ಎಂದಿನಂತೆ ಎದ್ದು ಗೇಟು ತೆರೆದರು. ಎಂದಿನಂತೆ ‘ಸೈಕಲ್ ಗಾಳಿ ನೋಡ್ಕೋ’ ಎನ್ನಲಿಲ್ಲ.

“ಮಾವ, ಅದು ಏನಾಯ್ತು ಅಂದ್ರೆ…”

“ಏನೂ ಆಗ್ಲಿಲ್ಲಪ್ಪ. ಇಷ್ಟು ವರ್ಷ ಎಲ್ಲರನ್ನೂ ಒಳಗೆ ಬಿಟ್ಟೆ. ಕೊನೇಗೆ ನಾನೊಬ್ಬನೇ ಹೆಚ್ಚಾದೆ. ಲೆಕ್ಕ ಅಂದ ಮೇಲೆ ಯಾರಾದ್ರೂ ಹೆಚ್ಚಾಗ್ಲೇಬೇಕಲ್ಲ.” ಅವರು ಗೇಟಿನ ಸರಳನ್ನು ಸುಮ್ಮನೆ ಒರೆಸಿದರು. “ಫೋಟೋ ದಿನ ನಾನು ಇಲ್ಲೇ ನಿಂತಿರ್ತೀನಿ. ಯಾರಾದ್ರೂ ಗೇಟು ನೋಡ್ಕೋಬೇಕು ತಾನೆ?”

ಆಯ್ತಪ್ಪ ಸೈಕಲ್ ತಳ್ಳಿಕೊಂಡೇ ಮನೆಗೆ ನಡೆದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮನೆಯಲ್ಲಿ ಹೆಂಡತಿಯೂ ಬೈಯಲಿಲ್ಲ. ತಟ್ಟೆ ಹಾಕಿದಳು, ಬಡಿಸಿದಳು, ಒಳಗೆ ಹೋಗಿ ಅಪ್ಪ ತಂದುಕೊಟ್ಟಿದ್ದ ಹೊಸ ಅಂಗಿಯನ್ನು ಇಸ್ತ್ರಿ ಮಾಡುತ್ತ ನಿಂತಳು. ಅದು ಆಗಲೇ ಇಸ್ತ್ರಿಯಾಗಿದ್ದ ಅಂಗಿ.

ಮರುದಿನ ಆಯ್ತಪ್ಪ ಮ್ಯಾನೇಜರ ಕೋಣೆಗೆ ಕರೆಯದೆಯೇ ಹೋದ.

“ಆಗಲ್ಲ ಸಾರ್!”

ಮ್ಯಾನೇಜರು ಕನ್ನಡಕ ತೆಗೆದರು. ಬಾಗಿಲಲ್ಲಿ ಕಾಫಿ ಹಿಡಿದಿದ್ದ ಆಳು ಅಲ್ಲೇ ಕಲ್ಲಾದ. “ಏನಂದೆ?”

“ಆಗಲ್ಲ ಅಂದೆ ಸಾರ್. ಯಾರು ಬೇಕಾದ್ರೂ ಹೆಚ್ಚು ಅಂತ ಮೇಷ್ಟ್ರು ಹೇಳಿದಾರೆ. ಹಾಗಿದ್ರೆ ನಮ್ಮ ಮಾವನೇ ಯಾಕೆ ಹೆಚ್ಚು? ನಾನು ಹೆಚ್ಚು, ನೀವೂ ಹೆಚ್ಚು! ನಿಮ್ಮನ್ನ ಬಿಟ್ರೂ ಇಪ್ಪತ್ತೆಂಟು ಸಾಲು ಸೊಗಸಾಗಿ ಆಗುತ್ತೆ ಸಾರ್!”

ಹೇಳಿದ ಮೇಲೆ ತಾನೇನು ಹೇಳಿದೆ ಎಂಬುದು ತಲೆಗೆ ಹೋಗಿ, ಕಣ್ಣು ಕತ್ತಲೆಗಟ್ಟಿ, ಬೀಳದಿರಲೆಂದು ಮೇಜನ್ನು ಹಿಡಿಯಲು ಹೋಗಿ ಅದರ ಮೇಲಿದ್ದ ಉದ್ದನೆಯ ಬಾಚಣಿಗೆಯೊಂದನ್ನು ಬಿಗಿಯಾಗಿ ಹಿಡಿದ. ಹಲ್ಲುಗಳೆಲ್ಲ ಅಂಗೈಗೆ ಚುಚ್ಚಿದವು. ಅಯ್ಯಪ್ಪಾ ಎಂದು ಕೈ ಬಿಡಿಸಿ ನೋಡಿಕೊಂಡರೆ, ಅಂಗೈಯ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ.

“ಸಾರ್,” ಎಂದ ಆಯ್ತಪ್ಪ, ಅಂಗೈಯನ್ನು ಅವರ ಮುಖಕ್ಕೆ ಹಿಡಿದು. “ಬಾಚಣಿಗೆಗೆ ಎಷ್ಟು ಸಾಲು ಹಲ್ಲು?”

“ಒಂದು,” ಎಂದರು ಮ್ಯಾನೇಜರು, ಯಾಕೆ ಉತ್ತರಿಸುತ್ತಿದ್ದೇನೆ ಎಂದು ತಿಳಿಯದೆ.

“ಒಂದರಿಂದ ಭಾಗಿಸ್ಬಹುದು ಅಂತ ಮೇಷ್ಟ್ರು ಮೊದಲೇ ಹೇಳಿದ್ರು! ಒಂದೇ ಸಾಲು ಸಾರ್! ಎಲ್ಲರೂ ಮುಂದಿನ ಸಾಲೇ! ಯಾರೂ ಹೆಚ್ಚಿಲ್ಲ!”

ಮ್ಯಾನೇಜರು ಬಾಚಣಿಗೆಯನ್ನು ನೋಡಿದರು, ಅವನ ಅಂಗೈಯನ್ನು ನೋಡಿದರು. ತಮ್ಮನ್ನು ಹೆಚ್ಚು ಎಂದದ್ದನ್ನು ಮರೆಯಲು ಅವರಿಗೆ ಒಂದು ಲೋಟ ಕಾಫಿ ಬೇಕಾಯಿತು. ಆಮೇಲೆ, “ಆಯ್ತಯ್ಯ,” ಎಂದರು.

ಫೋಟೋದವನಿಗೆ ವಿಷಯ ಹೇಳಿದಾಗ ಅವನು ತಲೆ ಚಚ್ಚಿಕೊಂಡು, ತನ್ನ ತಾತನ ಕಾಲದ ಒಂದು ಕ್ಯಾಮೆರಾ ತಂದ. ಕೀಲಿ ಕೊಟ್ಟರೆ ಅದು ಮೂರು ಕಾಲಿನ ಮೇಲೆ ನಿಂತು ಕತ್ತು ಮಾತ್ರ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸುತ್ತ, ಎದುರಿಗೆ ಬಂದವರನ್ನೆಲ್ಲ ಒಂದೇ ಉದ್ದನೆಯ ಪಟ್ಟಿಯಲ್ಲಿ ಹಿಡಿಯುತ್ತದೆ. ಅಂಗಳದ ನಡುವೆ ಕ್ಯಾಮೆರಾ, ಅದರ ಸುತ್ತ ಗೋಡೆಯಗುಂಟ ಅರ್ಧಚಂದ್ರದ ಹಾಗೆ ಇಡೀ ಕಾರ್ಖಾನೆ ಒಂದೇ ಸಾಲಾಗಿ ನಿಂತಿತು. ಎಡತುದಿಯಲ್ಲಿ ಆಯ್ತಪ್ಪ, ಬಲತುದಿಯಲ್ಲಿ, ಗೇಟಿಗೆ ಹತ್ತಿರವಾಗಿ, ಹೊಸ ಅಂಗಿಯ ಮಾವ. ಮಿಕ್ಕವರೆಲ್ಲ ಮಧ್ಯೆ.

“ಕ್ಯಾಮೆರಾ ನಿಮ್ಮನ್ನ ದಾಟೋ ತನಕ ಯಾರೂ ಅಲ್ಲಾಡಬೇಡಿ!” ಎಂದು ಫೋಟೋದವನು ಕೂಗಿ ಕೀಲಿ ಬಿಟ್ಟ. ಕ್ಯಾಮೆರಾ ಗರಗರ ಎಂದು ಆಯ್ತಪ್ಪನಿಂದಲೇ ಶುರು ಮಾಡಿತು. ಅವನು ಉಸಿರು ಬಿಗಿಹಿಡಿದು, ಎದೆ ಉಬ್ಬಿಸಿ ನಿಂತ. ಕ್ಯಾಮೆರಾ ಮುಂದೆ ಹೋಯಿತು. ಜೀವನದಲ್ಲಿ ಒಂದು ಕೆಲಸವಾದರೂ ಸುಸೂತ್ರವಾಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಗೇಟಿನಾಚೆ ಲಾರಿಯೊಂದು ಹಾರನ್ನು ಹೊಡೆಯಿತು.

ಬಲತುದಿಯಲ್ಲಿ ಮಾವನ ತಲೆ ಥಟ್ಟನೆ ತಿರುಗಿತು. ಹಾರನ್ನು ಕೇಳಿದ ಮೇಲೆ ಸುಮ್ಮನೆ ನಿಲ್ಲುವುದು ಆ ಕಾಲುಗಳಿಗೆ ಗೊತ್ತೇ ಇರಲಿಲ್ಲ. ಅವರು ಸಾಲು ಬಿಟ್ಟು, ಸೊಂಟದ ಬೀಗದ ಕೈ ತಡಕುತ್ತ, ಗೇಟಿನ ಕಡೆ ನಡೆದೇಬಿಟ್ಟರು.

“ಮಾವಾ!” ಎಂದು ಆಯ್ತಪ್ಪ ಕೂಗಿದರೆ ಅಷ್ಟು ದೂರಕ್ಕೆ ಎಲ್ಲಿ ಕೇಳಬೇಕು? ಗೋಡೆಗೆ ಒರಗಿಸಿದ್ದ ಯಾರದೋ ಸೈಕಲ್ ಎಳೆದುಕೊಂಡು ಹತ್ತಿದ. ಕ್ಯಾಮೆರಾದ ಬೆನ್ನ ಹಿಂದಿನಿಂದ, ಅಂಗಳವನ್ನು ಅಡ್ಡಡ್ಡ ಸೀಳಿಕೊಂಡು, ಜೀವ ಕೈಯಲ್ಲಿ ಹಿಡಿದು ತುಳಿದ. “ಲೇ ಹಾಳಾದೋನೇ!” ಎಂದು ಫೋಟೋದವನು ಕ್ಯಾಮೆರಾದ ಕಾಲುಗಳನ್ನು ತಬ್ಬಿಕೊಂಡ. ಅಲ್ಲಾಡಕೂಡದೆಂದು ಆಜ್ಞೆಯಾಗಿದ್ದರಿಂದ ಇಡೀ ಕಾರ್ಖಾನೆ ಕತ್ತು ತಿರುಗಿಸದೆ ಬರೀ ಕಣ್ಣುಗುಡ್ಡೆಯಿಂದ ಅವನನ್ನು ಹಿಂಬಾಲಿಸಿತು. ಗೇಟಿನ ಬಳಿ ಸೈಕಲ್ಲನ್ನು ಬಿದ್ದಲ್ಲಿ ಬಿಟ್ಟು, ಮಾವನ ಕೈ ಹಿಡಿದ.

“ಬಿಡೋ, ಲಾರಿ ನಿಂತಿದೆ!”

“ನಿಂತಿರ್ಲಿ ಮಾವ! ಇವತ್ತೊಂದು ದಿನ ಲೋಕ ಹೊರಗೇ ನಿಂತಿರ್ಲಿ! ನೀವು ಬನ್ನಿ!”

ಎಳೆದುಕೊಂಡು ಬಂದು ಸಾಲಿನ ತುದಿಗೆ ನಿಲ್ಲಿಸುವುದಕ್ಕೂ, ಕ್ಯಾಮೆರಾದ ಕಣ್ಣು ಅಲ್ಲಿಗೆ ಬರುವುದಕ್ಕೂ ಸರಿಯಾಯಿತು.

ಫೋಟೋ ಬಂತು. ಮೂರು ಆಳುದ್ದ, ಒಂದು ಗೇಣಗಲ. ಅದನ್ನು ಕಾರ್ಖಾನೆಯ ಪಡಸಾಲೆಯ ಗೋಡೆಗೆ ಹೊಡೆದ ದಿನ ಕೆಲಸವೇ ನಡೆಯಲಿಲ್ಲ. ಮುಖಗಳು ಸಾಸಿವೆಕಾಳಿನಷ್ಟಿದ್ದರೂ ಎಲ್ಲರಿಗೂ ತಮ್ಮ ತಮ್ಮ ಸಾಸಿವೆ ಗುರುತು ಸಿಕ್ಕಿತು. ಮ್ಯಾನೇಜರು ಖಾತರಿಗೆಂದು ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಕೂಗಿದರು.

“ಆಯ್ತಪ್ಪಾ! ಸಾವಿರದ ಹತ್ತು ಇದೆಯಲ್ಲಯ್ಯ! ಒಬ್ಬ ಹೆಚ್ಚಾಗಿದಾನೆ!”

ಇಡೀ ಪಡಸಾಲೆಯಲ್ಲಿ ಮತ್ತೆ ಗದ್ದಲವೋ ಗದ್ದಲ. ಎಣ್ಣೆಯವನು ತಾನಲ್ಲ ಎಂದ, ಹಿರಿಯಮ್ಮ ತಾನಲ್ಲ ಎಂದಳು, ಮುಖಂಡ ಮುಷ್ಟಿ ಎತ್ತಿದ. ಕೊನೆಗೆ ಹಿರಿಯಮ್ಮನೇ ಎಡತುದಿಗೆ ಬೆರಳಿಟ್ಟು, ಅಲ್ಲಿಂದ ಬಲತುದಿಗೆ ನಡೆದು ಹೋಗಿ ಇನ್ನೊಂದು ಬೆರಳಿಟ್ಟಳು. ಎಡಗಡೆ ಎದೆ ಉಬ್ಬಿಸಿ ಮರದ ಗೊಂಬೆಯಂತೆ ನಿಂತ ಆಯ್ತಪ್ಪ. ಬಲಗಡೆ ಅಂಗಿ ಹೊರಗೆ ಬಂದು, ಬಾಯಿ ತೆರೆದು, ಮಾವನ ಕೈ ಹಿಡಿದು ನಿಂತ ಆಯ್ತಪ್ಪ.

ಮೇಷ್ಟ್ರು ಸುದ್ದಿ ತಿಳಿದು ಓಡಿ ಬಂದರು. “ಸಾವಿರದ ಹತ್ತಾ? ಅದು ಹತ್ತು ಸಾಲಿಗೆ, ಸಾಲಿಗೆ ನೂರ ಒಂದರ ಹಾಗೆ ಚೆನ್ನಾಗಿ ಭಾಗ ಆಗುತ್ತಲ್ಲ!” ಎಂದರು. ಅವರನ್ನು ಯಾರೋ ಮೆಲ್ಲಗೆ ಹೊರಗೆ ಕರೆದುಕೊಂಡು ಹೋದರು.

ಮಾವ ನಿವೃತ್ತರಾಗುವಾಗ ಬೇರೇನೂ ಬೇಡವೆಂದು ಆ ಫೋಟೋದ ಒಂದು ಪ್ರತಿಯನ್ನು ಕೇಳಿ ಪಡೆದರು. ಅವರ ಮನೆಯ ಯಾವ ಗೋಡೆಯೂ ಅದಕ್ಕೆ ಸಾಲದೆ, ಅದು ನಡುಮನೆಯ ಮೂಲೆಯಲ್ಲಿ ಮಡಿಚಿಕೊಂಡು ಎರಡು ಗೋಡೆಗಳ ಮೇಲೆ ಹರಡಿದೆ. ಬಂದವರಿಗೆಲ್ಲ ತೋರಿಸುತ್ತಾರೆ.

“ಈ ತುದೀಲಿ ನಾನು. ನನ್ನ ಕೈ ಹಿಡಿದಿರೋನು ನನ್ನ ಅಳಿಯ.”

“ಆ ತುದೀಲಿರೋರು ಯಾರು? ಅವರ ಹಾಗೇ ಇದಾರಲ್ಲ,” ಎಂದು ಬಂದವರು ಕೇಳುತ್ತಾರೆ.

“ಅವನೂ ನನ್ನ ಅಳಿಯನೇ,” ಎನ್ನುತ್ತಾರೆ ಮಾವ, ಅಂಗಿಯ ಗುಂಡಿ ಮುಟ್ಟಿಕೊಂಡು. “ಕೊಟ್ಟಿದ್ದು ಒಬ್ಬಳೇ ಮಗಳನ್ನ. ಬಂದಿದ್ದು ನೋಡಿ, ಇಬ್ಬರು. ಇಂಥದ್ದರಲ್ಲಿ ಒಬ್ಬ ಹೆಚ್ಚಾದ ಅಂತ ಯಾರಾದ್ರೂ ಗೊಣಗ್ತಾರಾ?”